ಟಿಬೆಟ್ಟಿನ ಹದಿಮೂರನೆಯ ದಲಾಯಿ ಲಾಮಾ

ಹಿಮಾಲಯದ ಉತ್ತರಕ್ಕೆ ಹಬ್ಬಿರುವ ಟಿಬೆಟ್ಟನ್ನು ಮಠಗಳ ನಾಡೆಂದು ಕರೆದರೆ ತಪ್ಪಾಗದು. 1642ರಲ್ಲಿ ಐದನೆಯ ದಲಾಯಿ ಲಾಮಾ ಅವರು ರಾಜ್ಯಸೂತ್ರವನ್ನು ಹಿಡಿದಂದಿನಿಂದ ಧರ್ಮಪೀಠವೂ ರಾಜಪೀಠವೂ ಅಲ್ಲಿ ಒಂದೇ ಆದವು. ರಾಜಧಾನಿಯಾದ ಲ್ಹಾಸಾದ ಸುತ್ತಮುತ್ತ ಡ್ರೆಪುಂಗ್, ಸೆರಾ, ಗಾಂದೆನ್ ಎಂಬ ಮೂರು ಮಹಾಮಠಗಳಿದ್ದವು. ಸಂಪ್ರದಾಯದ ಲೆಕ್ಕದಂತೆ ಅವುಗಳಲ್ಲಿ ಕ್ರಮವಾಗಿ 7700, 5500 ಮತ್ತು 3300 ಭಿಕ್ಷುಗಳು. ನಿಜವಾಗಿ ಇದ್ದವರ ಸಂಖ್ಯೆ ಇದಕ್ಕೂ ಹೆಚ್ಚು. ಇಂಥ ನಾಡಿನ ಪೀಠದಲ್ಲಿ 1879ರಿಂದ 1933ರವರೆಗೆ ವಿರಾಜಮಾನರಾಗಿದ್ದವರು ಹದಿಮೂರನೆಯ ದಲಾಯಿ ಲಾಮಾ ಥುಪ್ತೆನ್ ಗ್ಯಾತ್ಸೊ ಅವರು. ಕರುಣೆಯ ಅವತಾರವೆಂದು ಜನ ಪೂಜಿಸಿದ ಈ ಸನ್ಯಾಸಿ ಬಂದೂಕುಗಳನ್ನು ತರಿಸಬೇಕಾಯಿತು, ಪಡೆಗಳನ್ನು ಕಟ್ಟಬೇಕಾಯಿತು. ಆ ಕಾರ್ಯಕ್ಕೆ ಅಡ್ಡಿಯಾಗಿ ನಿಂತವರಲ್ಲಿ ಗಡಿಯಾಚೆಯ ಚೀನೀಯರಷ್ಟೇ ಅಲ್ಲದೆ, ಅವರದೇ ಮಠಗಳ ಹಿರಿಯರೂ ಇದ್ದರು.

1876ರಲ್ಲಿ ಆಗ್ನೇಯ ಟಿಬೆಟ್ಟಿನ ದಾಗ್ಪೊ ಪ್ರಾಂತದ ಲಾಂಗ್ದುನ್ ಎಂಬ ಹಳ್ಳಿಯ ಒಕ್ಕಲು ಮನೆತನವೊಂದರಲ್ಲಿ ಅವರ ಜನನವಾಯಿತು. ಹಿಂದಿನ ಲಾಮಾ ಅವರ ಪುನರವತಾರವೆಂದು ಮರುವರ್ಷವೇ ಗುರುತಿಸಲ್ಪಟ್ಟು, ಮೂರನೆಯ ವಯಸ್ಸಿನಲ್ಲಿ ಪೀಠವನ್ನೇರಿದರು. ಆ ಪೀಠದ ಹಿಂದಿನ ಇತಿಹಾಸ ಶುಭಕರವಾಗಿರಲಿಲ್ಲ. ಒಂಬತ್ತರಿಂದ ಹನ್ನೆರಡನೆಯವರವರೆಗಿನ ನಾಲ್ವರು ಲಾಮಾಗಳಲ್ಲಿ ಯಾರೊಬ್ಬರೂ ಇಪ್ಪತ್ತೆರಡು ವರ್ಷಗಳನ್ನು ದಾಟಿ ಬದುಕಿರಲಿಲ್ಲ. ಬಾಲಲಾಮಾಗಳ ಹೆಸರಿನಲ್ಲಿ ರಾಜ್ಯವಾಳಿದವರು ರಾಜಪ್ರತಿನಿಧಿಗಳು. ಅವರ ಬೆನ್ನಿಗೆ ಪೀಕಿಂಗಿನ ಮಾಂಚು ಚಕ್ರವರ್ತಿಗಳು ಲ್ಹಾಸಾದಲ್ಲಿ ಇರಿಸಿದ್ದ ಅಂಬಾನ್ ಎಂಬ ಅಧಿಕಾರಿಗಳು. ಥುಪ್ತೆನ್ ಗ್ಯಾತ್ಸೊ ಅವರು ಈ ಬಲೆಯಿಂದ ಪಾರಾಗಿ, 1895ರಲ್ಲಿ ಸ್ವತಃ ಅಧಿಕಾರವನ್ನು ವಹಿಸಿಕೊಂಡರು. ತಮ್ಮ ಮೇಲೆ ಮಾಟ ಮಾಡಿಸಿದನೆಂಬ ಆರೋಪದ ಮೇಲೆ ಮಾಜಿ ರಾಜಪ್ರತಿನಿಧಿಯನ್ನು ಸೆರೆಯಲ್ಲಿಟ್ಟದ್ದೂ ಉಂಟು. ಆ ವಯಸ್ಸಿಗೇ ಅವರ ಕೈ ಮೆತ್ತನೆಯದಾಗಿರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮೊದಲ ಸಂಕಟ ಬಂದದ್ದು ಚೀನದಿಂದಲ್ಲ, ಭಾರತವನ್ನಾಳುತ್ತಿದ್ದ ಆಂಗ್ಲರಿಂದ. ವೈಸರಾಯ್ ಕರ್ಜನ್ ಬರೆದ ಪತ್ರಗಳು ಒಡೆಯದೆಯೇ ಹಿಂದಿರುಗಿದವು. ರಷ್ಯದ ಪ್ರಜೆಯಾದ ದೋರ್ಜಿಯೆವ್ ಎಂಬ ಬುರ್ಯಾತ್ ಭಿಕ್ಷು ಲಾಮಾ ಅವರ ಆಪ್ತನಾಗಿ ಜಾರ್ ಚಕ್ರವರ್ತಿಯ ಆಸ್ಥಾನಕ್ಕೆ ಹೋಗಿಬರುತ್ತಿದ್ದುದು ಆಂಗ್ಲರ ಸಂಶಯಕ್ಕೆ ಕಾರಣವಾಯಿತು. ಯಂಗ್‌ಹಸ್ಬೆಂಡನ ನೇತೃತ್ವದ ದಂಡು 1904ರ ಮಾರ್ಚಿಯಲ್ಲಿ ಗುರು ಎಂಬಲ್ಲಿ ಟಿಬೆಟನ್ ಪಡೆಯನ್ನು ಎದುರಿಸಿತು. ಬತ್ತಿಯ ಕೋವಿ, ಕತ್ತಿ ಮತ್ತು ಕೊರಳ ತಾಯಿತಗಳನ್ನು ನಂಬಿ ನಿಂತ ನೂರಾರು ಜನ ಯಂತ್ರಬಂದೂಕಿನ ಮುಂದೆ ಕೆಲವೇ ನಿಮಿಷಗಳಲ್ಲಿ ಉರುಳಿದರು. ದಂಡು ಆಗಸ್ಟ್ ತಿಂಗಳಲ್ಲಿ ಲ್ಹಾಸಾವನ್ನು ತಲುಪುವ ಮೊದಲೇ ಲಾಮಾ ಅವರು ಉತ್ತರದ ಮಂಗೋಲಿಯಕ್ಕೆ ತೆರಳಿದ್ದರು. ಮಾಂಚು ಸರ್ಕಾರ ಅವರನ್ನು ಪದಚ್ಯುತರೆಂದು ಸಾರಿತು. ಟಿಬೆಟನ್ನರು ಆ ಪ್ರಕಟಣೆಗೆ ಕಿವಿಗೊಡಲಿಲ್ಲ.

ಲಾಮಾ ಅವರು ಐದು ವರ್ಷ ಪರಸ್ಥಳದಲ್ಲಿ ಅಲೆಯುತ್ತಿದ್ದಾಗ ಟಿಬೆಟ್ಟಿನ ಪೂರ್ವಭಾಗವಾದ ಖಾಮ್ ಪ್ರಾಂತದಲ್ಲಿ ನಡೆದುದನ್ನು ತಿಳಿಯದೆ ಅವರ ಮುಂದಿನ ಬಾಳನ್ನು ಅರಿಯುವುದು ಸಾಧ್ಯವಿಲ್ಲ. ಆಂಗ್ಲರು ಲ್ಹಾಸಾವನ್ನು ಹೊಕ್ಕುಬಂದುದನ್ನು ಕಂಡು ಮಾಂಚು ಸರ್ಕಾರ ಎಚ್ಚೆತ್ತಿತು. ಹೆಸರಿಗೆ ಮಾತ್ರ ಇದ್ದ ತನ್ನ ಪ್ರಭುತ್ವವನ್ನು ನಿಜವಾದ ಆಳ್ವಿಕೆಯನ್ನಾಗಿ ಮಾಡಲು ಅದು ಸಂಕಲ್ಪಿಸಿತು. ಭಿಕ್ಷುಗಳ ಸಂಖ್ಯೆಯನ್ನು ಇಳಿಸಬೇಕು, ಚೀನೀ ಒಕ್ಕಲಿಗರನ್ನು ತಂದು ನೆಲೆಗೊಳಿಸಬೇಕು, ಸ್ಥಳೀಯ ನಾಯಕರನ್ನು ತೆಗೆದು ಚೀನೀ ಅಧಿಕಾರಿಗಳನ್ನು ಕೂರಿಸಬೇಕು ಎಂಬುದು ಅದರ ಯೋಜನೆ. 1905ರಲ್ಲಿ ಬಾತಾಂಗಿನ ಜನ ಹಾಗೂ ಭಿಕ್ಷುಗಳು ದಂಗೆಯೆದ್ದು ಈ ಯೋಜನೆಯನ್ನು ತಂದ ಅಧಿಕಾರಿಯನ್ನು ಕೊಂದರು. ಸೇಡು ತೀರಿಸಲು ಬಂದವನು ಝಾವೊ ಎರ್‌ಫೆಂಗ್. ಬಾತಾಂಗಿನ ಮಠ ನೆಲಸಮವಾಯಿತು. ಚಾಟ್ರೆಂಗಿನ ಮಠವನ್ನು ಅವನು ತಿಂಗಳುಗಟ್ಟಲೆ ಮುತ್ತಿ, 1906ರಲ್ಲಿ ಹಿಡಿದು, ಒಳಗಿದ್ದವರನ್ನು ಸಂಹರಿಸಿದನು. ಚೀನೀಯರೇ ಅವನನ್ನು ಕಟುಕ ಝಾವೊ ಎಂದು ಕರೆದರು. ಅವನು ದಕ್ಷ ಆಡಳಿತಗಾರನೂ ಆಗಿದ್ದನೆಂಬುದನ್ನು ಒಪ್ಪಲೇಬೇಕು. ಆದರೆ ಖಾಮಿನ ಜನರ ನೆನಪಿನಲ್ಲಿ ಉಳಿದದ್ದು ಸುಟ್ಟ ಮಠಗಳು.

1908ರಲ್ಲಿ ಲಾಮಾ ಅವರು ಪೀಕಿಂಗಿಗೆ ಹೋದರು. 1653ರಲ್ಲಿ ಐದನೆಯ ಲಾಮಾ ಅವರು ಅಲ್ಲಿಗೆ ಹೋಗಿದ್ದಾಗ ಚಕ್ರವರ್ತಿ ಪೀಠದಿಂದಿಳಿದು ಗೌರವ ತೋರಿದ್ದನು. ಗುರುವಿಗೂ ಶಿಷ್ಯನಿಗೂ ಇರುವ ಸಂಬಂಧವೇ ಎರಡು ದೇಶಗಳ ನಡುವಿನ ಸಂಬಂಧವೆಂದು ಟಿಬೆಟ್ಟಿನವರ ಭಾವನೆ. ಈ ಬಾರಿ ಆಸ್ಥಾನದ ಅಧಿಕಾರಿಗಳು ಹಣೆಯನ್ನು ನೆಲಕ್ಕೆ ಮುಟ್ಟಿಸಿ ಅಡ್ಡಬೀಳಬೇಕೆಂದು ಪಟ್ಟುಹಿಡಿದರು. ಲಾಮಾ ಅವರು ಒಪ್ಪಲಿಲ್ಲ. ಬಹಳ ಚರ್ಚೆಯ ನಂತರ ಒಂದು ಮೊಣಕಾಲೂರಿದರೆ ಸಾಕೆಂದು ತೀರ್ಮಾನವಾಯಿತು. ಚಕ್ರವರ್ತಿಗೆ ನೇರವಾಗಿ ಬಿನ್ನಹ ಸಲ್ಲಿಸುವ ಹಕ್ಕನ್ನು ಕೇಳಿದಾಗ ಅದು ದೊರೆಯಲಿಲ್ಲ, ಅಂಬಾನರ ಮೂಲಕವೇ ಬರೆಯಬೇಕೆಂಬ ಉತ್ತರ ಬಂದಿತು. ಅದರ ಬದಲು ನಿಷ್ಠಾವಂತ, ವಿಧೇಯ ಎಂಬ ವಿಶೇಷಣಗಳುಳ್ಳ ಬಿರುದೊಂದನ್ನೂ ವರ್ಷಾಶನವನ್ನೂ ಕೊಟ್ಟರು. ಆ ಬಿರುದೇ ಒಂದು ಅವಮಾನವಾಗಿತ್ತು. ಅದೇ ನವೆಂಬರಿನಲ್ಲಿ ಚಕ್ರವರ್ತಿ ಗುವಾಂಗ್‌ಶು ಮತ್ತು ರಾಜಮಾತೆ ಸೀಶಿ ಒಂದೇ ದಿನದ ಅಂತರದಲ್ಲಿ ತೀರಿಕೊಂಡರು. ಅವರ ಸದ್ಗತಿಗಾಗಿ ವಿಧಿಗಳನ್ನು ನೆರವೇರಿಸಿದವರು ಥುಪ್ತೆನ್ ಗ್ಯಾತ್ಸೊ ಅವರೇ.

ಊರಿಗೆ ಮರಳುವ ದಾರಿಯಲ್ಲಿದ್ದಾಗಲೇ ಸಿಚುವಾನಿನಿಂದ ಎರಡು ಸಾವಿರ ಸೈನಿಕರು ಲ್ಹಾಸಾದತ್ತ ಹೊರಟಿರುವ ಸುದ್ದಿ ಅವರಿಗೆ ತಲುಪಿತು. ಈ ಪಡೆಯನ್ನು ತಡೆಯಿರೆಂದು ಪೀಕಿಂಗಿಗೂ ಪರರಾಷ್ಟ್ರಗಳಿಗೂ ತಂತಿಗಳನ್ನು ಕಳುಹಿಸಿದರು. ಫಲ ದೊರೆಯಲಿಲ್ಲ. 1909ರ ಡಿಸೆಂಬರಿನಲ್ಲಿ ಲಾಮಾ ಅವರು ರಾಜಧಾನಿಯನ್ನು ಸೇರಿದರು. ಝೋಂಗ್ ಯಿಂಗ್ ಎಂಬ ತರುಣ ಅಧಿಕಾರಿಯ ದಂಡಿನ ಮುಂಗಡೆ 1910ರ ಫೆಬ್ರವರಿ 12ರಂದು ಲ್ಹಾಸಾದ ಬೀದಿಗಳಲ್ಲಿ ಗುಂಡು ಹಾರಿಸುತ್ತಲೇ ಒಳನುಗ್ಗಿತು. ಪೀಠಕ್ಕೆ ಮರಳಿ ಎರಡು ತಿಂಗಳೂ ತುಂಬದ ಲಾಮಾ ಅವರು ಆ ರಾತ್ರಿಯೇ ಕೆಲವು ಮಂತ್ರಿಗಳೊಡನೆ ಕುದುರೆಯೇರಿ ದಕ್ಷಿಣಕ್ಕೆ ಹೊರಟರು. ಮಾಘ, ಫಾಲ್ಗುಣಗಳ ಹಿಮಗಾಳಿಯಲ್ಲಿ, ಬೆನ್ನಟ್ಟಿ ಬರುವ ಕುದುರೆಸವಾರರ ಭಯದಲ್ಲಿ ನಡೆದ ಪ್ರಯಾಣ ಅದು.

ಈ ಪಲಾಯನದಲ್ಲಿ ಹೊರಹೊಮ್ಮಿದ ವ್ಯಕ್ತಿ ನಾಮ್‌ಗಾಂಗ್. ಸಾಮಾನ್ಯ ಮನೆತನದಲ್ಲಿ ಹುಟ್ಟಿ, ಲಾಮಾ ಅವರ ಸೇವೆಗೆ ಸೇರಿ, ಮಂಗೋಲಿಯದವರೆಗೂ ಜೊತೆಗಿದ್ದ ತರುಣ. ತ್ಸಾಂಗ್‌ಪೊ ನದಿಯ ಚಾಕ್ಸಾಮ್ ದೋಣಿಗಡವಿನಲ್ಲಿ ಅವನು ಬೆರಳೆಣಿಕೆಯ ಸೈನಿಕರೊಡನೆ ನಿಂತು ಚೀನೀ ಪಡೆಯನ್ನು ತಡೆಹಿಡಿದನು. ನಮ್ಮ ಬ್ರಹ್ಮಪುತ್ರೆಯೇ ಅಲ್ಲಿ ತ್ಸಾಂಗ್‌ಪೊ. ಅವನು ಗಳಿಸಿಕೊಟ್ಟ ಆ ಹೊತ್ತಿನಲ್ಲಿ ಲಾಮಾ ಅವರು ದೂರ ಸಾಗಿ, ಜೆಲೆಪ್ ಕಣಿವೆಯನ್ನು ದಾಟಿ ಭಾರತವನ್ನು ಹೊಕ್ಕರು. ಆರು ವರ್ಷಗಳ ಹಿಂದೆ ಯಾವ ಆಂಗ್ಲರಿಗೆ ಹೆದರಿ ಓಡಿದ್ದರೋ ಅದೇ ಆಂಗ್ಲರ ಆಶ್ರಯವನ್ನು ಈಗ ಬೇಡಬೇಕಾಯಿತು. ವಿಧಿಯ ಆಟವೆಂದರೆ ಇದೇ. ಮಾಂಚು ಸರ್ಕಾರ ಎರಡನೆಯ ಸಲ ಅವರನ್ನು ಪದಚ್ಯುತಗೊಳಿಸಿತು.

ದಾರ್ಜಿಲಿಂಗಿನಲ್ಲಿ ಕಳೆದ ಎರಡು ವರ್ಷಗಳನ್ನು ಅವರ ವಿದ್ಯಾಭ್ಯಾಸದ ಕಾಲವೆಂದೇ ಹೇಳಬಹುದು. ವೈಸರಾಯ್ ಮಿಂಟೋ ಅವರನ್ನು ಕಲ್ಕತ್ತೆಯಲ್ಲಿ ಕಂಡರು. ಆಂಗ್ಲ ಸರ್ಕಾರ ಆತಿಥ್ಯ ನೀಡಿತು, ಸೈನ್ಯಸಹಾಯ ನೀಡಲಿಲ್ಲ. ಸಿಕ್ಕಿಮಿನ ರಾಜಕೀಯ ಅಧಿಕಾರಿಯಾಗಿದ್ದ ಚಾರ್ಲ್ಸ್ ಬೆಲ್ ಟಿಬೆಟನ್ ಭಾಷೆಯನ್ನು ಬಲ್ಲವನು. ಅವನೊಡನೆ ಆದ ದೀರ್ಘ ಸಂಭಾಷಣೆಗಳಿಂದ ಆಧುನಿಕ ರಾಜ್ಯವೊಂದು ನಡೆಯುವ ಬಗೆ, ತೆರಿಗೆ, ಅಂಚೆ, ಕವಾಯತು, ಶಾಲೆ ಇವುಗಳ ಪರಿಚಯ ಲಾಮಾ ಅವರಿಗಾಯಿತು. ಪೋತಾಲ ಅರಮನೆಯೊಳಗೆ ಬೆಳೆದ ಲಾಮಾಗಳಿಗೆ ಇಂಥ ಅವಕಾಶ ಒದಗಿರಲೇ ಇಲ್ಲ.

1911ರ ಅಕ್ಟೋಬರಿನಲ್ಲಿ ಚೀನದಲ್ಲಿ ಕ್ರಾಂತಿಯಾಯಿತು. ಕಟುಕ ಝಾವೊನ ತಲೆಯನ್ನು ಅವನ ಜನರೇ ಚೆಂಗ್ಡುವಿನಲ್ಲಿ ಕಡಿದರು. ಸಂಬಳವಿಲ್ಲದೆ ಲ್ಹಾಸಾದಲ್ಲಿ ಉಳಿದ ಚೀನೀ ಸೈನಿಕರು ದಂಗೆಯೆದ್ದು ಸುಲಿಗೆಗೆ ಇಳಿದರು. ಲಾಮಾ ಅವರು ಗುಟ್ಟಾಗಿ ಯುದ್ಧ ಇಲಾಖೆಯೊಂದನ್ನು ಸ್ಥಾಪಿಸಿ, ನಾಮ್‌ಗಾಂಗನನ್ನು ಮುಂದಾಗಿ ಕಳುಹಿಸಿದರು. 1912ರ ಬಹುಭಾಗ ಲ್ಹಾಸಾದ ಬೀದಿಬೀದಿಗಳಲ್ಲಿ ಕಾದಾಟ ನಡೆಯಿತು. ಸೆರಾ ಮಠದ ಭಿಕ್ಷುಗಳು ಆಯುಧ ಹಿಡಿದು ಚೀನೀಯರ ವಿರುದ್ಧ ಕಾದಿದರು. ತೆಂಗ್ಯೇಲಿಂಗ್ ಮಠವಾದರೋ ಚೀನೀಯರ ಪಕ್ಷ ವಹಿಸಿತು. ಮಾಟದ ಆರೋಪಕ್ಕೆ ಸಿಕ್ಕಿದ ಮಾಜಿ ರಾಜಪ್ರತಿನಿಧಿ ಆ ಮಠದವನು. ಹಳೆಯ ವೈರ ದೇಶಾಭಿಮಾನವನ್ನು ನುಂಗಿತು. ಡ್ರೆಪುಂಗಿನ ಒಂದು ವಿಭಾಗವೂ ಚೀನೀಯರತ್ತ ಒಲವುಳ್ಳದ್ದಾಗಿತ್ತು. ಕೊನೆಗೆ ನೇಪಾಳದ ಪ್ರತಿನಿಧಿಯ ಮಧ್ಯಸ್ಥಿಕೆಯಿಂದ ಚೀನೀ ಪಡೆ ಆಯುಧಗಳನ್ನೊಪ್ಪಿಸಿ ಭಾರತದ ಮಾರ್ಗವಾಗಿ ತನ್ನ ದೇಶಕ್ಕೆ ಹೊರಟುಹೋಯಿತು. 1913ರ ಜನವರಿಯಲ್ಲಿ ಲಾಮಾ ಅವರು ರಾಜಧಾನಿಯನ್ನು ಪ್ರವೇಶಿಸಿದರು. ತೆಂಗ್ಯೇಲಿಂಗಿನ ಉಂಬಳಿಗಳು ಮುಟ್ಟುಗೋಲಾದವು.

ಫೆಬ್ರವರಿಯಲ್ಲಿ ಹೊರಡಿಸಿದ ಘೋಷಣೆಯಲ್ಲಿ, ಚೀನದೊಡನೆ ಇದ್ದುದು ಗುರು ಮತ್ತು ದಾನಿಯ ಸಂಬಂಧವೇ ಹೊರತು ಆಳು-ಅರಸರದಲ್ಲವೆಂದೂ ಅದು ಕಾಮನಬಿಲ್ಲಿನಂತೆ ಕರಗಿಹೋಯಿತೆಂದೂ ಅವರು ಸಾರಿದರು. ಅದೇ ಘೋಷಣೆ ಅಪರಾಧಿಗಳ ಕೈಕಾಲು ಕತ್ತರಿಸುವ ಶಿಕ್ಷೆಯನ್ನು ನಿಲ್ಲಿಸಿತು. ಪಾಳು ನೆಲವನ್ನು ಸಾಗುವಳಿ ಮಾಡುವವರಿಗೆ ಮೂರು ವರ್ಷ ತೆರಿಗೆಯ ವಿನಾಯಿತಿ ನೀಡಿತು. ದೇಶರಕ್ಷಣೆಗೆ ಸಿದ್ಧರಿರಬೇಕೆಂದು ಜನರನ್ನು ಎಚ್ಚರಿಸಿತು. ನಾಮ್‌ಗಾಂಗ್ ತ್ಸಾರೋಂಗ್ ಮನೆತನಕ್ಕೆ ಅಳಿಯನಾಗಿ ಹೋಗಿ, ಆ ಹೆಸರಿನಿಂದಲೇ ಪ್ರಸಿದ್ಧನಾದ ಮಹಾಸೇನಾಪತಿಯಾದನು. ಜಪಾನೀ, ರಷ್ಯನ್, ಆಂಗ್ಲ ಪದ್ಧತಿಗಳಲ್ಲಿ ಬೇರೆಬೇರೆ ತುಕಡಿಗಳಿಗೆ ಕವಾಯತು ಕಲಿಸಿ ನೋಡಿ, ಕೊನೆಗೆ ಆಂಗ್ಲ ಪದ್ಧತಿಯನ್ನು ಆರಿಸಿಕೊಂಡರು. ನಾಲ್ವರು ಬಾಲಕರನ್ನು ಇಂಗ್ಲೆಂಡಿನ ರಗ್ಬಿ ಶಾಲೆಗೆ ಕಳುಹಿಸಿದರು. ಅವರಲ್ಲಿ ರಿಂಗಾಂಗ್ ಎಂಬಾತ ಮರಳಿ ಬಂದು ಲ್ಹಾಸಾದ ಸಮೀಪ ಜಲವಿದ್ಯುದಾಗಾರವನ್ನು ಕಟ್ಟಿದನು. ಗಣಿಶಾಸ್ತ್ರ ಕಲಿತು ಬಂದ ಮೊಂಡ್ರೋಂಗನ ಪಾಡು ಬೇರೆಯಾಯಿತು. ಅವನು ಚಿನ್ನಕ್ಕಾಗಿ ಎಲ್ಲಿ ಅಗೆದರೂ ಭೂಮಿಯ ದೇವತೆಗಳು ಮುನಿಯುತ್ತಾರೆಂದು ಊರಿನವರು ಅಡ್ಡಬಂದರು. ವಿದ್ಯೆ ಕೈಗೆ ಹತ್ತಲಿಲ್ಲ. 1916ರಲ್ಲಿ ವೈದ್ಯ ಮತ್ತು ಜ್ಯೋತಿಷ ವಿದ್ಯಾಲಯವೊಂದು ಸ್ಥಾಪಿತವಾಯಿತು.

1913-14ರ ಸಿಮ್ಲಾ ಸಮ್ಮೇಳನದಲ್ಲಿ ಗಡಿಯನ್ನು ಗೊತ್ತುಪಡಿಸುವ ಪ್ರಯತ್ನ ನಡೆಯಿತು. ಚೀನೀ ಪ್ರತಿನಿಧಿ ಕರಡಿಗೆ ಕಿರುಸಹಿ ಹಾಕಿದನು, ಅವನ ಸರ್ಕಾರ ಅದನ್ನು ನಿರಾಕರಿಸಿತು. ಆದುದರಿಂದ ಖಾಮಿನ ಗಡಿ ಬಂದೂಕಿನಿಂದಲೇ ತೀರ್ಮಾನವಾಗಬೇಕಾಯಿತು.

1917ರಲ್ಲಿ ರಿವೊಚೆಯ ಬಳಿ ಹುಲ್ಲು ಕೊಯ್ಯುತ್ತಿದ್ದ ಇಬ್ಬರು ಟಿಬೆಟನ್ ಸೈನಿಕರನ್ನು ಚೀನೀಯರು ಹಿಡಿದರು. ಅವರನ್ನು ಒಪ್ಪಿಸಿರೆಂದು ಕೇಳಿದಾಗ ಚಾಮ್ದೊ ಪಟ್ಟಣದ ಸೇನಾನಿ ಪೆಂಗ್ ರಿಶೆಂಗ್ ಅವರ ತಲೆ ಹೊಡೆಸಿದನು. ಒಂದು ಹೊರೆ ಹುಲ್ಲಿನಿಂದ ಮಹಾಯುದ್ಧವೇ ಹೊತ್ತಿಕೊಂಡಿತು. ಖಾಮಿನ ಆಡಳಿತ ಹೊತ್ತಿದ್ದ ಕಾಲೋನ್ ಲಾಮಾ ಜಂಪಾ ತೆಂದರ್ ಅವರು ಸನ್ಯಾಸಿಯಾಗಿದ್ದೂ ನಿಪುಣ ದಂಡನಾಯಕರು. 1914ರಲ್ಲಿ ಆಂಗ್ಲರಿಂದ ಬಂದಿದ್ದ ಐದು ಸಾವಿರ ಬಂದೂಕುಗಳು ಅವರ ಪಡೆಗೆ ಬಲ ನೀಡಿದ್ದವು. ಗುರುವಿನಲ್ಲಿ ತಾಯಿತ ಕಟ್ಟಿ ನಿಂತಿದ್ದ ಪಡೆ ಇದೀಗ ಬೇರೆಯಾಗಿತ್ತು. ತಿಂಗಳುಗಟ್ಟಲೆ ಮುತ್ತಿಗೆಯ ನಂತರ 1918ರ ಏಪ್ರಿಲಿನಲ್ಲಿ ಚಾಮ್ದೊ ಶರಣಾಯಿತು, ಪೆಂಗ್ ಸೆರೆಸಿಕ್ಕಿದನು. ಡ್ರಿಚು ನದಿಯನ್ನು ದಾಟಿ ದೆರ್ಗೆಯವರೆಗೂ ಟಿಬೆಟನ್ನರು ಮುಂದುವರಿದರು. ಇದೇ ನದಿ ಕೆಳಗೆ ಹರಿದು ಚೀನದ ಯಾಂಗ್‌ತ್ಸೆಯಾಗುತ್ತದೆ. ಆಂಗ್ಲ ಅಧಿಕಾರಿ ಟೈಖ್‌ಮನ್ ಮಧ್ಯೆ ಬಂದು ಅಕ್ಟೋಬರಿನಲ್ಲಿ ರೋಂಗ್‌ಬಾತ್ಸಾ ಎಂಬಲ್ಲಿ ಕದನವಿರಾಮ ಮಾಡಿಸಿದನು. ಲಾಮಾ ಅವರ ಜೀವಮಾನದ ಬಹುದೊಡ್ಡ ಜಯ ಇದು.

ಜಯವನ್ನು ಉಳಿಸಿಕೊಳ್ಳಲು ಹಣ ಬೇಕು. ದೇಶದ ಉತ್ತಮ ಭೂಮಿಯ ಬಹುಪಾಲು ಮಠಗಳ ಮತ್ತು ಸರದಾರ ಮನೆತನಗಳ ಕೈಯಲ್ಲಿತ್ತು. ಉಪ್ಪು, ಉಣ್ಣೆ, ಚರ್ಮಗಳ ಮೇಲೆ ಹಾಕಿದ ತೆರಿಗೆ ಸಾಲದಾಯಿತು. 1920-21ರಲ್ಲಿ ಬೆಲ್ ಲ್ಹಾಸಾಕ್ಕೆ ಬಂದಿದ್ದಾಗ, ಐದಾರು ಸಾವಿರವಿದ್ದ ಸೈನ್ಯವನ್ನು ಹಲವು ಪಟ್ಟು ಹೆಚ್ಚಿಸುವ ಯೋಜನೆ ಸಿದ್ಧವಾಯಿತು. ಮಠದ ಉಂಬಳಿಗಳೂ ಅದರ ವೆಚ್ಚದಲ್ಲಿ ಪಾಲುಗೊಳ್ಳಬೇಕೆಂಬ ಮಾತು ಬಂದೊಡನೆ ಮಹಾಮಠಗಳು ಕೆರಳಿದವು. ಭಿಕ್ಷುಗಳ ಅಶನಕ್ಕೂ ಪೂಜೆಗೂ ಭಕ್ತರು ಬಿಟ್ಟ ಭೂಮಿಯನ್ನು ಕೊಲ್ಲುವ ಕೆಲಸಕ್ಕೆ ಬಳಸುವುದು ಹೇಗೆಂಬುದು ಅವರ ಪ್ರಶ್ನೆ. ಅದು ಅರ್ಥವಿಲ್ಲದ ಪ್ರಶ್ನೆಯೇನೂ ಅಲ್ಲ. ಆದರೆ ಅದರ ಹಿಂದೆ ಇನ್ನೊಂದು ಭಯವಿತ್ತು: ಕವಾಯತು ಕಲಿತ ಸೈನ್ಯ ಇರುವಲ್ಲಿ ಭಿಕ್ಷುಗಳ ಗುಂಪಿಗೆ ಸರ್ಕಾರ ಹೆದರಬೇಕಾಗಿಲ್ಲ. 1921ರಲ್ಲಿ ಡ್ರೆಪುಂಗಿನ ಸಾವಿರಾರು ಭಿಕ್ಷುಗಳು ಬೇಸಿಗೆಯ ಅರಮನೆಯ ತೋಟಕ್ಕೇ ನುಗ್ಗಿ ಗಲಭೆಯೆಬ್ಬಿಸಿದಾಗ ಲಾಮಾ ಅವರು ತಮ್ಮ ಪಡೆಯಿಂದ ಆ ಮಠವನ್ನು ಸುತ್ತುಗಟ್ಟಿ, ರಕ್ತಪಾತವಿಲ್ಲದೆ ಮುಖಂಡರನ್ನು ಹಿಡಿಸಿದರು. ಆ ಭಯಕ್ಕೆ ಇದರಿಂದ ಪುಷ್ಟಿ ದೊರೆಯಿತು. ಶಿಗಾತ್ಸೆಯ ಪಂಚೆನ್ ಲಾಮಾ ಅವರ ಮಠಕ್ಕೆ ಸೈನ್ಯವೆಚ್ಚದ ನಾಲ್ಕನೆಯ ಒಂದು ಭಾಗವನ್ನು ಹೊರಿಸಿದ್ದರಿಂದ ಮನಸ್ತಾಪ ಬೆಳೆದು, 1923ರ ಕೊನೆಯಲ್ಲಿ ಅವರು ದೇಶ ಬಿಟ್ಟು ಚೀನಕ್ಕೆ ಹೋದರು. ಮುಂದೆ 1937ರಲ್ಲಿ ತೀರಿಕೊಳ್ಳುವವರೆಗೂ ಅವರು ಮರಳಲಿಲ್ಲ. ಟಿಬೆಟ್ಟಿನ ಎರಡನೆಯ ಮಹಾಗುರುಗಳು ಚೀನದ ಆಶ್ರಯ ಪಡೆದುದರಿಂದ ಆದ ನಷ್ಟವನ್ನು ಯಾವ ಸೈನ್ಯವೂ ತುಂಬಿಕೊಡಲಾರದಾಗಿತ್ತು.

ಹೊಸ ಸೇನಾಧಿಕಾರಿಗಳೂ ತಮ್ಮ ಶತ್ರುಗಳಿಗೆ ನೆರವಾದರೆಂದೇ ಹೇಳಬೇಕು. ಉದ್ದ ಕೂದಲನ್ನು ಕತ್ತರಿಸಿ, ಆಂಗ್ಲ ಉಡುಪು ತೊಟ್ಟು, ಟೆನಿಸ್ ಮತ್ತು ಪೋಲೋ ಆಡುತ್ತಿದ್ದ ಈ ತರುಣರು ಹಿರಿಯರ ಕಣ್ಣಿಗೆ ಧರ್ಮಭ್ರಷ್ಟರಂತೆ ಕಂಡರು. 1924ರಲ್ಲಿ ಪೊಲೀಸರೊಡನೆ ಜಗಳವಾಡಿದ ಸೈನಿಕನೊಬ್ಬನ ಕಾಲನ್ನು ತ್ಸಾರೋಂಗ್ ಕತ್ತರಿಸಿಹಾಕಿಸಿದನು. ಲಾಮಾ ಅವರು ಹನ್ನೊಂದು ವರ್ಷಗಳ ಹಿಂದೆಯೇ ನಿಷೇಧಿಸಿದ್ದ ಶಿಕ್ಷೆ ಅದು. ಸೇನಾಧಿಕಾರಿಗಳು ಲಾಮಾ ಅವರ ರಾಜ್ಯಾಧಿಕಾರವನ್ನೇ ಕಸಿಯಲು ಹವಣಿಸುತ್ತಿದ್ದಾರೆಂಬ ಪಿಸುಮಾತು ಹಬ್ಬಿತು. ಲಾಮಾ ಅವರು ಒಬ್ಬೊಬ್ಬರನ್ನಾಗಿ ಅಧಿಕಾರಿಗಳನ್ನು ಕೆಳಗಿಳಿಸಿದರು. 1925ರಲ್ಲಿ, ಚಾಕ್ಸಾಮಿನ ಗಡವಿನಲ್ಲಿ ತಮ್ಮ ಪ್ರಾಣ ಕಾಪಾಡಿದ್ದ ತ್ಸಾರೋಂಗನಿಂದಲೂ ಮಹಾಸೇನಾಪತಿಯ ಪದವಿಯನ್ನು ಹಿಂತೆಗೆದುಕೊಂಡರು.

1923ರಲ್ಲಿ ಗ್ಯಾಂತ್ಸೆಯಲ್ಲಿ ತೆರೆದಿದ್ದ ಆಂಗ್ಲ ಶಾಲೆಯೂ ಇದೇ ಗಾಳಿಗೆ ತುತ್ತಾಯಿತು. ಫ್ರಾಂಕ್ ಲಡ್ಲೊ ಎಂಬ ಅಧ್ಯಾಪಕನ ಕೈಕೆಳಗೆ ಎರಡು ಡಜನಿನಷ್ಟು ಬಾಲಕರು ಇಂಗ್ಲಿಷು, ಗಣಿತಗಳನ್ನು ಕಲಿಯುತ್ತಿದ್ದರು. ಇವರೇ ಮುಂದೆ ಸೈನ್ಯವನ್ನೂ ಆಡಳಿತವನ್ನೂ ನಡೆಸಬೇಕಾದವರು. ಮಕ್ಕಳು ಧರ್ಮದಲ್ಲಿ ಶ್ರದ್ಧೆ ಕಳೆದುಕೊಳ್ಳುವರೆಂದು ಮಠಗಳು ಆಕ್ಷೇಪಿಸಿದವು. 1926ರಲ್ಲಿ ಶಾಲೆ ಮುಚ್ಚಿತು. ಮೂರು ವರ್ಷ ಕಲಿತ ಹುಡುಗರು ಮನೆಗೆ ಮರಳಿದರು. ಇದನ್ನು ಮಠಗಳೊಂದರ ದೋಷವೆನ್ನಲಾಗದು. ಡ್ರೆಪುಂಗನ್ನು ಸುತ್ತುಗಟ್ಟುವ ಧೈರ್ಯವಿದ್ದವರು ಇಪ್ಪತ್ತನಾಲ್ಕು ಹುಡುಗರ ಶಾಲೆಯನ್ನು ಉಳಿಸಬಹುದಾಗಿತ್ತು. ಅವರು ಉಳಿಸಲಿಲ್ಲ. ಐವತ್ತನ್ನು ಸಮೀಪಿಸುತ್ತಿದ್ದ ಲಾಮಾ ಅವರಿಗೆ ಆಗ ಅಣತಿಯ ಸೇನಾಧಿಕಾರಿಗಳಿಗಿಂತ ಪರಿಚಿತ ಮಠಗಳೇ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಂಡಿರಬೇಕು.

ಅದರ ಬೆಲೆ ಐದು ವರ್ಷಗಳಲ್ಲಿ ತಿಳಿಯಿತು. 1930ರಲ್ಲಿ ಖಾಮಿನ ಬೇರಿ ಎಂಬಲ್ಲಿ ಲಾಮಾ ಒಬ್ಬರ ಆಸ್ತಿಯ ವಿಷಯವಾಗಿ ಅಲ್ಲಿಯ ನಾಯಕನಿಗೂ ದಾರ್ಗ್ಯೆ ಮಠಕ್ಕೂ ಜಗಳ ಹುಟ್ಟಿ, ಮಠದ ಭಿಕ್ಷುಗಳು ಆಯುಧ ಹಿಡಿದು ಬೇರಿಯನ್ನು ಆಕ್ರಮಿಸಿದರು. ನಾಯಕನು ಸಿಚುವಾನಿನ ಸೇನಾಧಿಪ ಲಿಯು ವೆನ್‌ಹುಯಿಯ ಮೊರೆಹೊಕ್ಕನು, ಮಠವು ಲ್ಹಾಸಾದ ಸೈನ್ಯವನ್ನು ಕರೆಯಿತು. ಮೊದಲು ಟಿಬೆಟನ್ನರು ಕಾಂಜೆಯನ್ನೂ ನ್ಯಾರೋಂಗನ್ನೂ ಗೆದ್ದರು. 1932ರಲ್ಲಿ ಲಿಯುವಿನ ಪಡೆ ತಿರುಗಿಬಿದ್ದಿತು. ಉತ್ತರದಿಂದ ಚಿಂಗ್‌ಹಾಯ್ ಪ್ರಾಂತದ ಮಾ ಬುಫಾಂಗನ ಮುಸ್ಲಿಂ ಸೈನ್ಯ ಬಂದೆರಗಿತು. 1918ರಲ್ಲಿ ಡ್ರಿಚುವಿನ ಪೂರ್ವಕ್ಕೆ ಗಳಿಸಿದ್ದೆಲ್ಲವೂ ಕೈಬಿಟ್ಟಿತು. ಸಿಚುವಾನಿನಲ್ಲಿ ಲಿಯುವಿಗೂ ಅವನ ದಾಯಾದಿಗೂ ಯುದ್ಧ ಹತ್ತದೆ ಇದ್ದಿದ್ದರೆ ಚಾಮ್ದೊ ಕೂಡ ಹೋಗುತ್ತಿತ್ತೋ ಏನೋ. ಆ ವರ್ಷದ ಅಕ್ಟೋಬರಿನಲ್ಲಿ ನದಿಯನ್ನೇ ಗಡಿಯಾಗಿಟ್ಟು ಕದನವಿರಾಮವಾಯಿತು.

1932ರಲ್ಲಿಯೇ ಲಾಮಾ ಅವರು ತಮ್ಮ ಪ್ರಜೆಗಳಿಗೆ ಬರೆದ ಸಂದೇಶವನ್ನು ಅವರ ಕೊನೆಯ ಶಾಸನವೆಂದು ಟಿಬೆಟನ್ನರು ಭಾವಿಸುತ್ತಾರೆ. ಎರಡು ಬಲಿಷ್ಠ ನೆರೆಹೊರೆಗಳ ನಡುವೆ ತಮ್ಮ ನಾಡು ಸಿಕ್ಕಿಕೊಂಡಿದೆಯೆಂದೂ, ಗಡಿಗಳಲ್ಲಿ ಸಮರ್ಥ ಸೈನಿಕರನ್ನು ಇಡಲೇಬೇಕೆಂದೂ, ಮಂಗೋಲಿಯದಲ್ಲಿ ಆದಂತೆ ಇಲ್ಲಿಯೂ ಮಠಗಳು ನಾಶವಾಗಿ ಉಂಬಳಿಗಳು ಹರಣವಾಗುವ ದಿನ ಬರಬಹುದೆಂದೂ ಅದರಲ್ಲಿ ಅವರು ಎಚ್ಚರಿಸಿದ್ದರು. ಅದೇ ಸಮಯದಲ್ಲಿ ಅನುಕೂಲಸ್ಥ ಮನೆತನಗಳ ಯುವಕರನ್ನು ಸೇರಿಸಿ ಹೊಸ ದಳವೊಂದನ್ನು ಕಟ್ಟತೊಡಗಿದ್ದರು. 1933ರ ಡಿಸೆಂಬರ್ 17ರಂದು, 57ನೆಯ ವಯಸ್ಸಿನಲ್ಲಿ, ಅಲ್ಪಕಾಲದ ಅಸ್ವಸ್ಥತೆಯ ನಂತರ ಅವರು ದೇಹತ್ಯಾಗ ಮಾಡಿದರು. ಹೊಸ ದಳ ಕೆಲವೇ ದಿನಗಳಲ್ಲಿ ಚದುರಿಹೋಯಿತು.

1950ರ ಅಕ್ಟೋಬರಿನಲ್ಲಿ ಕಮ್ಯುನಿಸ್ಟ್ ಚೀನದ ಸೈನ್ಯ ಡ್ರಿಚುವನ್ನು ದಾಟಿತು. 32 ವರ್ಷಗಳ ಹಿಂದೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಗೆದ್ದಿದ್ದ ಚಾಮ್ದೊ ಎರಡು ವಾರದೊಳಗೆ ಬಿದ್ದಿತು. 1959ರ ಮಾರ್ಚಿಯಲ್ಲಿ ಲ್ಹಾಸಾದಲ್ಲಿ ದಂಗೆಯಾದಾಗ ಹದಿನಾಲ್ಕನೆಯ ಲಾಮಾ ಅವರು ರಾತ್ರಿಯ ಹೊತ್ತು ಅರಮನೆಯನ್ನು ಬಿಟ್ಟು, ತ್ಸಾಂಗ್‌ಪೊವನ್ನು ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಬಂದ ನಿರಾಶ್ರಿತರಲ್ಲಿ ಸಾವಿರಾರು ಜನರಿಗೆ 1960ರ ದಶಕದಲ್ಲಿ ನಮ್ಮ ರಾಜ್ಯ ಭೂಮಿ ನೀಡಿತು. ಸೆರಾ ಮಠ ಇಂದು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿದೆ. ಡ್ರೆಪುಂಗ್ ಮತ್ತು ಗಾಂದೆನ್ ಉತ್ತರ ಕನ್ನಡದ ಮುಂಡಗೋಡಿನಲ್ಲಿವೆ. ಬೈಲಕುಪ್ಪೆಯಲ್ಲಿ ಸೆರಾದವರು ನಡೆಸುವ ಶಾಲೆಯಲ್ಲಿ ಎಳೆಯ ಭಿಕ್ಷುಗಳು ಧರ್ಮಗ್ರಂಥಗಳ ಜೊತೆಗೆ ಇಂಗ್ಲಿಷು, ಗಣಿತ, ವಿಜ್ಞಾನಗಳನ್ನು ಕಲಿಯುತ್ತಾರೆ.